ಓಬಮ್ಮನ ಮನೆಗೆ ಬಂದ ವೀಳ್ಯ

ಹೊಳಲ್ಕೆರೆಯಲ್ಲಿ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಮೊದಲು ಓಬಮ್ಮನಿಗೆ ಹೇಳಿಕಳಿಸುತ್ತಿದ್ದರು. ತಾಳಿಯ ಕರಿಮಣಿ ಪೋಣಿಸುವುದು ಅವಳ ಕೈಯಿಂದಲೇ ಆಗಬೇಕು. ಅವಳು ದೇವರಿಗೆ ಬಿಟ್ಟ ಮನೆತನದವಳು. ದೇವರೇ ಗಂಡನಾದ ಮೇಲೆ ಮುತ್ತೈದೆತನ ತಪ್ಪುವ ಮಾತೇ ಇಲ್ಲ, ಅವಳು ನಿತ್ಯಮುತ್ತೈದೆ. ಅಂಥವಳು ಪೋಣಿಸಿದ ತಾಳಿ ಕಟ್ಟಿಸಿಕೊಂಡ ಹುಡುಗಿಯ ಗಂಡನಿಗೆ ಆಯುಷ್ಯ ಗಟ್ಟಿ ಎಂದು ಊರಿನ ನಂಬಿಕೆ. ಓಬಮ್ಮ ಒಗೆದ ಸೀರೆಯುಟ್ಟು, ಕೈತುಂಬ ಹಸಿರು ಬಳೆ ತೊಟ್ಟು, ನಡುಮನೆಯಲ್ಲಿ ಚಾಪೆಯ ಮೇಲೆ ಕೂತು ಮಣಿ ಪೋಣಿಸುವಳು. ಮುಗಿದ ಮೇಲೆ ಅದೇ ಮನೆಯವರು ಅವಳಿಗೆ ಹಿತ್ತಿಲಲ್ಲಿ, ದನದ ಕೊಟ್ಟಿಗೆಯ ಪಕ್ಕದಲ್ಲಿ ಎಲೆ ಹಾಕಿ ಬಡಿಸುವರು. ಮಣಿ ಮುಟ್ಟುವ ಕೈ ಒಳಗೆ ಬೇಕು, ಅನ್ನ ಉಣ್ಣುವ ಬಾಯಿ ಹೊರಗಿರಬೇಕು. ಇದರಲ್ಲಿ ಏನೋ ಸರಿಯಿಲ್ಲ ಎಂದು ಊರಿನ ಒಬ್ಬರಿಗೂ ಅನ್ನಿಸಿರಲಿಲ್ಲ. ನಿಜ ಹೇಳಬೇಕೆಂದರೆ ಬಹಳ ಕಾಲ ಓಬಮ್ಮನಿಗೂ ಅನ್ನಿಸಿರಲಿಲ್ಲ.

ಮನೆಯಲ್ಲಿ ಮೂವರು ಹೆಂಗಸರು. ಓಬಮ್ಮನ ತಾಯಿ ಗಿರಿಯಮ್ಮನಿಗೆ ಎಪ್ಪತ್ತು ದಾಟಿತ್ತು. ಚಿಕ್ಕಂದಿನಲ್ಲಿ ಮೈಸೂರಿನ ಗುರುವಿನ ಮನೆಯಲ್ಲಿ ಏಳು ವರ್ಷ ನೀರು ಹೊತ್ತು ನೃತ್ಯ ಕಲಿತವಳು. ಈಗಲೂ ಕೂತಲ್ಲೇ ಕೂತು ಬರೀ ಹುಬ್ಬಿನಲ್ಲಿ ಮುನಿಸು ತೋರಿಸಿದರೆ ನೋಡಿದವರು ತಾವೇನು ತಪ್ಪು ಮಾಡಿದೆವೋ ಎಂದು ಗಾಬರಿಯಾಗಬೇಕು. ಮೂರನೆಯವಳು ಓಬಮ್ಮನ ಮಗಳು, ಹತ್ತೊಂಬತ್ತು ವರ್ಷದ ಹಾಲಮ್ಮ. ಹಾಲುರಾಮೇಶ್ವರನಿಗೆ ಹರಕೆ ಹೊತ್ತು ಹುಟ್ಟಿದವಳೆಂದು ಆ ಹೆಸರು. ಅಜ್ಜಿಯ ವಿದ್ಯೆಯೆಲ್ಲ ಅವಳಿಗೆ ಇಳಿದಿತ್ತು; ಅಜ್ಜಿಯ ನಾಲಿಗೆಯೂ ಇಳಿದಿತ್ತು.

ಸರ್ಕಾರ ಗುಡಿಗಳಲ್ಲಿ ಕುಣಿತದ ಸೇವೆ ನಿಲ್ಲಿಸಿ ಆಗಲೇ ಇಪ್ಪತ್ತು ವರ್ಷವಾಗಿತ್ತು. ಗುಡಿಯೊಳಗೆ ಗೆಜ್ಜೆ ನಿಂತಿತು, ಗುಡಿಯ ಹೊರಗೆ ವೀಳ್ಯ ನಿಲ್ಲಲಿಲ್ಲ. ವೀಳ್ಯವೆಂದರೆ ಇಷ್ಟೇ: ಈ ಮನೆತನದ ಹುಡುಗಿಯ ಕಲಿಕೆ ಮುಗಿದ ಮೇಲೆ ಪಟೇಲರ ಮನೆಯಿಂದ ಹಿತ್ತಾಳೆ ತಟ್ಟೆಯಲ್ಲಿ ಎಲೆ, ಅಡಿಕೆ, ಒಂದು ಸೀರೆ ಬರುತ್ತದೆ. ಊರ ಹಿರಿಯರೆದುರು ಹುಡುಗಿ ತಟ್ಟೆಯಿಂದ ಎಲೆ ಎತ್ತಿಕೊಳ್ಳಬೇಕು. ಎತ್ತಿಕೊಂಡರೆ ಪಟೇಲರು ಯಾರನ್ನು ತೋರಿಸುತ್ತಾರೋ ಅವರ ಪಾಲಾದಳು ಎಂದರ್ಥ. ತಾಳಿಯಿಲ್ಲ, ಹೆಂಡತಿಯೆಂಬ ಹೆಸರಿಲ್ಲ, ಹುಟ್ಟಿದ ಮಕ್ಕಳಿಗೆ ಅಪ್ಪನಿಲ್ಲ. ಇದನ್ನು ಹಿರಿಯರು ಪದ್ಧತಿ ಎನ್ನುತ್ತಿದ್ದರು.

ಓಬಮ್ಮ ಎತ್ತಿಕೊಂಡ ವೀಳ್ಯ ಪಟೇಲರ ಮನೆಯ ಹಿರಿಯ ಮಗ ಮುರುಗಪ್ಪನದು. ಮನುಷ್ಯ ಕೆಟ್ಟವನಲ್ಲ. ಹೊಲದಿಂದ ಬಂದವನು ಇವರ ಜಗಲಿಯ ಮೇಲೆ ಕೂತು ಒಂದು ಪದ ಕೇಳಿ ಹೋಗುತ್ತಿದ್ದ. ಹಾಲಮ್ಮನಿಗೆ ಸ್ಲೇಟು ತಂದುಕೊಟ್ಟು ಅಕ್ಷರ ತಿದ್ದಿಸಿದ್ದ. ಆದರೆ ನಾಲ್ಕು ಜನರ ಎದುರು ಒಂದು ಸಲವೂ ಅವಳನ್ನು ಮಗಳೇ ಎಂದು ಕರೆದವನಲ್ಲ. ಹನ್ನೊಂದು ವರ್ಷದ ಹಿಂದೆ ಊರೆಲ್ಲ ಜ್ವರ ಬಿದ್ದು ಮನೆಗೊಂದು ಹೆಣ ಹೊರಟಾಗ ಮುರುಗಪ್ಪನೂ ಹೋದ. ಓಬಮ್ಮ ಓಡಿದಳು. ಬಾಗಿಲಲ್ಲೇ ತಡೆದರು. ಪಟೇಲರ ಕೊಟ್ಟಿಗೆಯ ಗೋಡೆಯ ಹಿಂದೆ, ಎಂಟು ವರ್ಷದ ಹಾಲಮ್ಮನ ಕೈ ಹಿಡಿದು ನಿಂತು, ಒಳಗಿನ ಅಳು ಕೇಳಿಸಿಕೊಂಡಳು. ಹುಡುಕಿಕೊಂಡು ಬಂದ ಗಿರಿಯಮ್ಮ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು.

"ಅಳಬ್ಯಾಡ ಕಣೆ. ನಿತ್ಯಮುತ್ತೈದೆ ಅತ್ರೆ ಊರಿಗೆ ಕೇಡು."

ಓಬಮ್ಮ ಸೆರಗು ಕಚ್ಚಿಕೊಂಡು ಸುಮ್ಮನಾದಳು. ತಿಂಗಳು ತುಂಬುವ ಮೊದಲೇ ಯಾರದೋ ಮದುವೆಗೆ ಕರೆ ಬಂತು. ಹಸಿರು ಬಳೆ ತೊಟ್ಟುಕೊಂಡು ಹೋಗಿ ಮಣಿ ಪೋಣಿಸಿ ಬಂದಳು. ಗಂಡ ಸತ್ತವಳಿಗೆ ಈ ದೇಶದಲ್ಲಿ ಪಡಬಾರದ ಪಾಡಿದೆ ಎಂಬುದು ನಿಜ. ಆದರೆ ಸತ್ತವನು ನನ್ನವನು ಎಂದು ಹೇಳಿಕೊಳ್ಳಲೂ ಬಾಯಿಲ್ಲದವಳ ಪಾಡನ್ನು ಯಾವ ಸಭೆಯಲ್ಲಿ ಯಾರು ಎತ್ತಿ ಆಡಿದ್ದಾರೆ?

ದೀಪಾವಳಿ ಕಳೆದ ವಾರ ಪಟೇಲ ಮೂರ್ತಪ್ಪ ಬಂದ. ಇವನು ಮುರುಗಪ್ಪನ ತಮ್ಮ. ಅಣ್ಣ ಹೋದ ಮೇಲೆ ಪಟೇಲಿಕೆ ಇವನದು. ಜಗಲಿಯ ಮೇಲೆ ಕೂತವನು ಓಬಮ್ಮನ ಕಡೆ ನೋಡಲೂ ಇಲ್ಲ, ಹಿರಿಯಳೊಂದಿಗೇ ಮಾತು ತೆಗೆದ.

"ಗಿರಿಯಮ್ಮ, ಹುಡುಗಿ ಕಲಿಕೆ ಮುಗೀತಂತೆ."

"ಕಲಿಕೆ ಎಲ್ಲಿ ಮುಗೀತೈತೆ ಗೌಡ್ರೆ? ನಂದೇ ಇನ್ನೂ ಮುಗಿದಿಲ್ಲ."

"ಅದಿರ್ಲಿ. ಹಿರಿಯೂರಿನ ಹತ್ತಿ ಸಾಹುಕಾರ್ರು ಹೋದ ವಾರ ನಮ್ಮನೀಗೆ ಬಂದಿದ್ರು. ಬೀದೀಲಿ ಹುಡುಗೀನ್ನ ನೋಡ್ಯಾರೆ. ವೀಳ್ಯ ಕಳಸ್ತೀನಿ, ಎತ್ಕಳ್ಳಾಕೆ ಹೇಳು. ಅವರಿಂದ ನಮ್ಗೂ ಕೆಲಸ ಐತೆ."

"ಗೌಡ್ರೆ, ಅವಳು..." ಎಂದು ಓಬಮ್ಮ ಬಾಯಿ ತೆರೆದಳು. ನಿಮ್ಮ ಅಣ್ಣನ ಮಗಳು ಎಂಬ ಮಾತು ಗಂಟಲಲ್ಲೇ ಉಳಿಯಿತು. ಮೂರ್ತಪ್ಪ ಅವಳ ಮುಖ ನೋಡಿದ. ಅವನಿಗೆ ಗೊತ್ತಿತ್ತು, ಹೊಳಲ್ಕೆರೆಯಲ್ಲಿ ಗೊತ್ತಿಲ್ಲದವರು ಯಾರು? ಗೊತ್ತಿದ್ದೂ ಗೊತ್ತಿಲ್ಲದಂತಿರುವುದೇ ಅಲ್ಲಿ ದೊಡ್ಡಸ್ತಿಕೆ. ಅವನು ಶಲ್ಯ ಕೊಡವಿ ಎದ್ದು ಹೋದ.

ಅವನು ಓಣಿ ದಾಟುವವರೆಗೆ ಕಾದಿದ್ದು ಹಾಲಮ್ಮ ಒಳಗಿನಿಂದ ಬಂದಳು. "ಅಜ್ಜಿ, ನಾನು ಎತ್ತಲ್ಲ."

"ಎತ್ತದೆ? ನಮ್ಮವ್ವ ಎತ್ತಿದ್ಲು, ನಾನು ಎತ್ತಿದೆ, ನಿಮ್ಮವ್ವ ಎತ್ತಿದ್ಲು. ಒಂದು ದೊಡ್ಡಮನೆ ನೆರಳು ಇಲ್ದಿದ್ರೆ ಈ ವಿದ್ಯೆ ಇಲ್ಲೀಗಂಟ ಬರ್ತಿತ್ತೇನೆ? ಬೀದೀಲಿ ಕುಣಿಯೋ ದೊಂಬರ ಹಂಗೆ ಆಗ್ತಿದ್ವಿ. ವೀಳ್ಯ ಇದ್ದಿದ್ಕೇ ಕಾಲಾಗೆ ಗೆಜ್ಜೆ ಉಳಿದೈತೆ."

"ಗೆಜ್ಜೆ ಉಳೀತು ಕಣಜ್ಜಿ. ಕಾಲು ಯಾರ್ದು?"

ಹುಡುಗಿಗೆ ಬುದ್ಧಿ ಹೇಳು ಎಂಬಂತೆ ಗಿರಿಯಮ್ಮ ಓಬಮ್ಮನ ಕಡೆ ನೋಡಿದಳು. ಓಬಮ್ಮ ಅಕ್ಕಿ ಆರಿಸುತ್ತ ಕೂತಳು. ಅಕ್ಕಿಯಲ್ಲಿ ಕಲ್ಲೇನೂ ಇರಲಿಲ್ಲ.

ಅಂಥ ಹೊತ್ತಿನಲ್ಲಿ ತಿಪ್ಪಯ್ಯ ಮೇಷ್ಟ್ರು ಒಬ್ಬ ಬೆಂಗಳೂರಿನವರನ್ನು ಕರೆದುಕೊಂಡು ಬಂದರು. ಮೇಷ್ಟ್ರು ಊರಿನ ಸ್ಕೂಲಿನಲ್ಲಿ ಪಾಠ ಹೇಳುವವರು; ಸಂಜೆ ಹೊತ್ತು ಸಿಕ್ಕವರನ್ನೆಲ್ಲ ನಿಲ್ಲಿಸಿ ಬಾಲ್ಯವಿವಾಹ ಕೂಡದು, ಹೆಂಡ ಕೂಡದು ಎಂದು ಹೇಳುವ ಚಟದವರು. ಅವರನ್ನು ಕಂಡರೆ ಜನ ಓಣಿ ಬದಲಿಸುತ್ತಿದ್ದರು. ಜೊತೆಯಲ್ಲಿದ್ದವರು ಶಾಮರಾಯರು, ಚಿತ್ರದುರ್ಗದ ಕೋಟೆಯಲ್ಲಿ ಒಂದು ಮೂಕಿ ಚಿತ್ರ ತೆಗೆಯಲು ಬಂದವರು. ಕೋಟೆ ಕಾಯುವ ಜಮೇದಾರನ ಹೆಂಡತಿಯ ಕಥೆ. ಹೆಂಡತಿಯ ಪಾತ್ರಕ್ಕೆ ನಾಟಕ ಕಂಪನಿಯ ಗಂಡಸೊಬ್ಬನನ್ನೇ ಕರೆತಂದಿದ್ದರಂತೆ.

"ರಂಗದ ಮೇಲೆ ಲಕ್ಷಣವಾಗಿ ಕಾಣ್ತಾನಮ್ಮ. ದಿನಕ್ಕೆ ಎರಡು ಸಲ ಕ್ಷೌರ ಮಾಡಿಸ್ತೀವಿ. ಆದರೂ ಮಧ್ಯಾಹ್ನದ ಬಿಸಿಲಿಗೆ ಗಲ್ಲ ಹಸಿರಾಗಿಬಿಡುತ್ತೆ. ಕ್ಯಾಮರಾ ಯಾರ ದಾಕ್ಷಿಣ್ಯಾನೂ ನೋಡೋಲ್ಲ," ಎಂದರು ಶಾಮರಾಯರು. "ಮರ್ಯಾದಸ್ಥರ ಮನೆ ಹೆಣ್ಣುಮಕ್ಕಳು ಯಾರೂ ಒಪ್ತಾ ಇಲ್ಲ."

"ಅದ್ಕೆ ನಮ್ಮನೀಗೆ ಬಂದ್ರಾ?" ಎಂದಳು ಗಿರಿಯಮ್ಮ.

ಶಾಮರಾಯರ ಮುಖ ಕೆಂಪಾಯಿತು. ಮೇಷ್ಟ್ರು ನಡುವೆ ಬಿದ್ದರು. "ಹಂಗಲ್ಲ ಗಿರಿಯಮ್ಮ. ನಟನೆ ಅನ್ನೋದು ಒಂದು ಕೆಲಸ. ನಾನು ಪಾಠ ಹೇಳ್ತೀನಿ, ಸಂಬಳ ತಗಂಡು ಮನೀಗೆ ಹೋಗ್ತೀನಿ. ಪಾಠ ಚೆನ್ನಾಗೈತೆ ಅಂತ ಯಾರಾದ್ರೂ ನನ್ನ ಇಟ್ಕಂತಾರಾ? ನಿಮ್ಮ ಹುಡುಗಿಗೂ ಹಂಗೇ. ವಿದ್ಯೆ ತೋರ್ಸೋದು, ಕೂಲಿ ತಗಳ್ಳೋದು, ತಲೆ ಎತ್ಕಂಡು ಮನೀಗೆ ಬರೋದು."

"ನಿಮ್ಮನ್ನ ಯಾರು ಇಟ್ಕಂತಾರೆ ಮೇಷ್ಟ್ರೆ, ಮುಖ ನೋಡ್ಕಳ್ರಿ," ಎಂದಳು ಗಿರಿಯಮ್ಮ. ಬಾಗಿಲ ಮರೆಯಲ್ಲಿ ಹಾಲಮ್ಮ ಕಿಸಕ್ಕನೆ ನಕ್ಕಳು. ಆದರೆ ಆ ಮಾತು ಓಬಮ್ಮನ ಮನಸ್ಸಿನಲ್ಲಿ ಕೂತಿತು. ಕೂಲಿ ತಗೊಂಡು ಮನೆಗೆ ಬರುವುದು. ಇಷ್ಟು ಸರಳವಾದ ಸಂಗತಿ ತನ್ನ ಮನೆತನದ ನಾಲ್ಕು ತಲೆಮಾರಿನಲ್ಲಿ ಯಾರಿಗೂ ಯಾಕೆ ಹೊಳೆಯಲಿಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು.

ಓಬಮ್ಮ ಒಪ್ಪಿದಳು. ಆದರೆ ಪಟೇಲನ ಅಪ್ಪಣೆಯಿಲ್ಲದೆ ಹುಡುಗಿ ಊರು ಬಿಡುವಂತಿಲ್ಲ. ಅವನು ಅಡ್ಡಿ ಮಾಡುತ್ತಾನೆಂದೇ ಎಲ್ಲರೂ ಅಂದುಕೊಂಡಿದ್ದರು. ಮೂರ್ತಪ್ಪ ಮೀಸೆಯಲ್ಲೇ ನಕ್ಕ. "ಆಡ್ಲಿ ಬಿಡ್ರಿ. ಬಯಸ್ಕೋಪಿನಾಗೆ ಬಂದ ಹುಡುಗಿ ಅಂದ್ರೆ ಸಾಹುಕಾರ್ರಿಗೂ ಒಂದು ಗತ್ತು. ಚಿತ್ರ ತೋರ್ಸಿದ ಮಾರನೇ ದಿನಾನೇ ವೀಳ್ಯ." ಹಬ್ಬಕ್ಕೆ ಬಿಟ್ಟ ಟಗರಿನ ಬೆನ್ನು ತಟ್ಟಿದಂತೆ ಮಾತಾಡಿದ. ಗಿರಿಯಮ್ಮ ನಿಶ್ಚಿಂತಳಾದಳು, ಹಾಲಮ್ಮನ ಮುಖ ಸಣ್ಣಗಾಯಿತು.

ಮೂವರೂ ಚಿತ್ರದುರ್ಗಕ್ಕೆ ಹೋಗಿ ಕೋಟೆಯ ಕೆಳಗೆ ಬಿಡಾರ ಮಾಡಿದರು. ಬೆಳಿಗ್ಗೆ ಬಂಡೆಯ ಮೇಲೆ ಬಿಸಿಲು ಏರುತ್ತಿದ್ದಂತೆ ಕೆಲಸ ಶುರು. ತಗಡು ಹೊಡೆದ ಹಲಗೆಗಳನ್ನು ಹಿಡಿದು ಆಳುಗಳು ಬಿಸಿಲನ್ನು ಮುಖಕ್ಕೆ ತಿರುಗಿಸುವರು. ಮೂರು ಕಾಲಿನ ಮೇಲೆ ನಿಂತ ಪೆಟ್ಟಿಗೆಯ ಹಿಡಿಯನ್ನು ಒಬ್ಬ ಸುತ್ತುವನು. ಜಮೇದಾರನ ಪಾತ್ರದವನು ನಾಟಕದವನಾದ್ದರಿಂದ ಪ್ರತಿ ಮಾತನ್ನೂ ಬಂಡೆ ಮಾರ್ದನಿ ಕೊಡುವಂತೆ ಕೂಗುತ್ತಿದ್ದ. "ಸ್ವಾಮಿ, ಈ ಪೆಟ್ಟಿಗೆಗೆ ಕಿವಿ ಇಲ್ಲ," ಎಂದು ಶಾಮರಾಯರು ಕೈ ಮುಗಿದರು. ಹಾಲಮ್ಮ ಮಾತನ್ನೇ ಆಡಲಿಲ್ಲ. ಗಂಡ ಬುರುಜಿನಿಂದ ಇಳಿದು ಬರುವುದನ್ನು ಅವಳು ಕಣ್ಣಲ್ಲಿ ಕಂಡಳು, ಹುಬ್ಬಲ್ಲಿ ಯಾಕೆ ತಡವೆಂದು ಕೇಳಿದಳು, ಬೆರಳ ತುದಿಯಲ್ಲಿ ಒಲೆಯ ಮೇಲಿನ ಅನ್ನ ಆರಿಹೋಯಿತೆಂದು ಹೇಳಿದಳು. ಹಿಡಿ ಸುತ್ತುತ್ತಿದ್ದವನು ನಕ್ಕುಬಿಟ್ಟ. ಶಾಮರಾಯರು ಓಡಿಬಂದು ಗಿರಿಯಮ್ಮನಿಗೆ ಅಡ್ಡಬಿದ್ದರು. "ಅಮ್ಮಾ, ಮಾತಿಲ್ಲದ ಚಿತ್ರಕ್ಕೆ ಬೇಕಾದ ಮಾತನ್ನು ನೀವು ಇಷ್ಟು ವರ್ಷ ಮನೆಯಲ್ಲಿ ಬಚ್ಚಿಟ್ಟುಕೊಂಡು ಕೂತಿದ್ರಲ್ಲ!" ಗಿರಿಯಮ್ಮ ಬೊಚ್ಚುಬಾಯಿ ಬಿಗಿ ಹಿಡಿದಳು, ಆದರೆ ಆ ದಿನವೆಲ್ಲ ಸೊಂಟ ನೆಟ್ಟಗೆ ಮಾಡಿಕೊಂಡೇ ನಡೆದಳು.

ನಾಲ್ಕನೆಯ ದಿನ ಮೂರ್ತಪ್ಪ ನೋಡಲು ಬಂದ. ಹಾಲಮ್ಮ ನೃತ್ಯದ ಒಂದು ದೃಶ್ಯದ ಮಧ್ಯದಲ್ಲಿದ್ದಳು. ಪೆಟ್ಟಿಗೆಯ ಹಿಂದೆ ಅವನ ರುಮಾಲು ಕಂಡದ್ದೇ ತಡ, ಅವಳ ಕಾಲು ತಾನಾಗಿ ನಿಂತಿತು, ಸೊಂಟ ಬಗ್ಗಿತು, ಕೈ ನೆಲ ಮುಟ್ಟಿ ಹಣೆಗೆ ಹೋಯಿತು. ಪಟೇಲರು ಸಭೆಗೆ ಬಂದರೆ ಕುಣಿತ ನಿಲ್ಲಿಸಿ ಸಲಾಮು ಮಾಡಬೇಕು. ಗಿರಿಯಮ್ಮ ಹೆಜ್ಜೆಗಿಂತ ಮೊದಲು ಕಲಿಸಿದ್ದು ಅದನ್ನೇ.

"ನಿಲ್ಲಿಸಿ, ನಿಲ್ಲಿಸಿ! ಇದೇನಮ್ಮ, ಯಾರಿಗೆ ನಮಸ್ಕಾರ?" ಎಂದು ಶಾಮರಾಯರು ಕೂಗಿದರು. ಯಾರಿಗೆಂದು ತಿಳಿದು ಮೂರ್ತಪ್ಪನ ಕಡೆ ತಿರುಗಿದರು. "ಗೌಡರೆ, ತಪ್ಪು ತಿಳೀಬೇಡಿ. ಇಲ್ಲಿ ಸೂರ್ಯ ಒಬ್ಬನೇ ಯಜಮಾನ. ಅವನು ಮೋಡಕ್ಕೆ ಹೋಗೋದರೊಳಗೆ ಕೆಲಸ ಆಗಬೇಕು."

ಎರಡನೆಯ ಸಲ ಹಾಲಮ್ಮ ಕುಣಿಯುವಾಗ ಮೂರ್ತಪ್ಪ ಗಟ್ಟಿಯಾಗಿ ಕೆಮ್ಮಿದ. ಎದ್ದು ನಿಂತ. ಅವಳ ಹೆಜ್ಜೆ ಒಂದು ಗಳಿಗೆ ತಡವರಿಸಿತು, ಆಮೇಲೆ ನಿಲ್ಲಲಿಲ್ಲ. ದೃಶ್ಯ ಮುಗಿಯುವವರೆಗೆ ಹೊಳಲ್ಕೆರೆಯ ಪಟೇಲ ಬಿಸಿಲಿನಲ್ಲಿ ನಿಂತೇ ಇದ್ದ. ಓಬಮ್ಮನಿಗೆ ಎದೆ ಡವಡವ ಎಂದಿತು. ಹೆದರಿಕೆಯೆಂದೇ ಮೊದಲು ತಿಳಿದಳು. ಬಿಡಾರಕ್ಕೆ ಬಂದು ನೀರು ಕುಡಿದ ಮೇಲೆ ಗೊತ್ತಾಯಿತು, ಅದು ಸಂತೋಷ.

ಕೊನೆಯ ದೃಶ್ಯದಲ್ಲಿ ಗಲಾಟೆಯಾಯಿತು. ಜಮೇದಾರ ಕಾಳಗದಲ್ಲಿ ಸತ್ತು ಅವನ ರುಮಾಲು ಮನೆಗೆ ಬರುತ್ತದೆ. ಹೆಂಡತಿ ಬಳೆ ಒಡೆದುಕೊಳ್ಳಬೇಕು.

"ಆಗಲ್ಲ," ಎಂದಳು ಗಿರಿಯಮ್ಮ. "ನಮ್ಮ ಮನೆತನದ ಹೆಣ್ಣು ಆಟಕ್ಕೂ ಬಳೆ ಒಡೆಯಂಗಿಲ್ಲ. ಒಡೆದ್ಲೋ, ಮುತ್ತೈದೆತನ ಹೋತು. ಆಮೇಲೆ ಅವಳ್ನ ಮದುವೆಮನೀಗೆ ಕರೆಯಲ್ಲ, ವೀಳ್ಯಾನೂ ಬರಲ್ಲ. ಬ್ಯಾಡ ರಾಯ್ರೆ, ಈ ಮಾತು ಬಿಟ್ಬಿಡ್ರಿ."

"ಹಾಗಾದರೆ ಆ ಒಂದು ದೃಶ್ಯಕ್ಕೆ ನಾಟಕದವನಿಗೇ ಸೀರೆ ಉಡಿಸ್ತೀನಮ್ಮ. ಮುಖ ತೋರಿಸೋಲ್ಲ, ಬರೀ ಕೈ," ಎಂದರು ಶಾಮರಾಯರು.

"ಹಂಗೇ ಮಾಡ್ರಿ," ಎಂದಳು ಗಿರಿಯಮ್ಮ.

ಹಾಲಮ್ಮ ತಾಯಿಯ ಕಡೆ ನೋಡಿದಳು. ಓಬಮ್ಮನಿಗೆ ಗಿರಿಯಮ್ಮನ ಮಾತಿನಲ್ಲಿ ಒಂದೇ ಒಂದು ತುಣುಕು ಕೇಳಿಸಿತ್ತು: ವೀಳ್ಯಾನೂ ಬರಲ್ಲ. ಇಷ್ಟು ವರ್ಷ ಬೀಗವೆಂದುಕೊಂಡದ್ದರ ಒಳಗೇ ಬೀಗದ ಕೈ ಇತ್ತಲ್ಲ! ಅವಳು ಮಗಳ ಹತ್ತಿರ ಹೋಗಿ, ಸೆರಗು ಸರಿಮಾಡುವವಳಂತೆ ಬಗ್ಗಿ, ಗಿರಿಯಮ್ಮನಿಗೂ ಕೇಳಿಸುವ ಹಾಗೆ ಹೇಳಿದಳು.

"ಒಡಿ ಮಗಳೆ."

"ಓಬಿ! ಏನಂದೆ?"

"ಒಡೀಲಿ ಅಂದೆ ಅವ್ವ. ನಾನು ಹೆತ್ತವಳು ಹೇಳ್ತಿದೀನಿ."

ಗಿರಿಯಮ್ಮ ಬಂಡೆಯ ಮೆಟ್ಟಿಲು ಹಿಡಿದು ಇಳಿದುಹೋದಳು. ಸಿಕ್ಕಿದ ಗಾಡಿ ಹತ್ತಿ ಊರಿಗೆ ಹೊರಟಳು. ಓಬಮ್ಮ ಹಿಂದೆ ಹೋಗಲಿಲ್ಲ. ಆಳುಗಳಲ್ಲಿ ಒಬ್ಬ ಕಡಿಮೆಯಿದ್ದ. ಅವಳೇ ತಗಡಿನ ಹಲಗೆ ಎತ್ತಿ ಹಿಡಿದು ಮಗಳ ಹಿಂದೆ, ಪೆಟ್ಟಿಗೆಗೆ ಕಾಣದ ಬದಿಯಲ್ಲಿ ನಿಂತಳು. ಅವಳಿಗೆ ಕಂಡದ್ದು ಹಾಲಮ್ಮನ ಬೆನ್ನು ಮಾತ್ರ. ಬಳೆ ಬಂಡೆಗೆ ತಾಗಿ ಚೂರಾದ ಸದ್ದು ಕೇಳಿತು. ಪೆಟ್ಟಿಗೆ ನಿಂತ ಮೇಲೂ ಅವಳು ಹಲಗೆ ಇಳಿಸಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಚಿತ್ರದುರ್ಗದ ಸಂತೆ ಮೈದಾನದ ಟೆಂಟಿನಲ್ಲಿ ಚಿತ್ರ ತೋರಿಸಿದರು. ಆ ನಾಲ್ಕು ತಿಂಗಳೂ ಗಿರಿಯಮ್ಮ ಒಂದೇ ಸೂರಿನಡಿ ಇದ್ದು ಮಗಳೊಂದಿಗೂ ಮೊಮ್ಮಗಳೊಂದಿಗೂ ಮಾತು ಬಿಟ್ಟಿದ್ದಳು. ಚಿತ್ರಕ್ಕೆ ಬರುವುದಿಲ್ಲವೆಂದು ಗೋಡೆಗೆ ಹೇಳಿದ್ದಳು. ಓಬಮ್ಮ ಟೆಂಟಿನೊಳಗೆ ಹೆಂಗಸರ ಕಡೆ ಹೋಗಿ ನೋಡಿದರೆ, ಎಲ್ಲರಿಗಿಂತ ಮುಂದೆ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಒಂದು ಬಿಳಿಯ ತಲೆ. ಯಾವ ಗಾಡಿ ಹಿಡಿದು ಯಾವಾಗ ಬಂದಿದ್ದಳೋ!

ದೀಪ ಆರಿತು. ಹಾರ್ಮೋನಿಯಂ ಶುರುವಾಯಿತು. ಪರದೆಯ ಪಕ್ಕದಲ್ಲಿ ಒಬ್ಬ ನಿಂತು ಚಿತ್ರದ ನಡುವೆ ಮೂಡುವ ಬರಹಗಳನ್ನು ಗಟ್ಟಿಯಾಗಿ ಓದುತ್ತಿದ್ದ. ಹಾಲಮ್ಮನ ಮುಖ ಮನೆಯ ಬಾಗಿಲಿನಷ್ಟು ದೊಡ್ಡದಾಗಿ ಬಂದಾಗ ಗಂಡಸರ ಕಡೆಯಿಂದ ಯಾರೋ, "ನಮ್ಮ ಹೊಳಲ್ಕೆರೆ ಹುಡುಗಿ ಕಣ್ರಲೇ!" ಎಂದು ಕೂಗಿದ. ಶಿಳ್ಳೆ ಬಿತ್ತು, ಚಪ್ಪಾಳೆ ಬಿತ್ತು. ಅವಳ ಒಂದು ಕಣ್ಸನ್ನೆಗೆ ಸಾವಿರ ಜನ ನಕ್ಕರು. ಓದುವವನು ಓದುವುದನ್ನೇ ಮರೆತು ನೋಡುತ್ತ ನಿಂತ. ಅವನು ಓದಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಓಬಮ್ಮನಿಗೆ ಮಗಳ ಮೇಲೆ ಎಂಥ ಹೆಮ್ಮೆ ಉಕ್ಕಿತೆಂದರೆ, ಪಕ್ಕದವಳ ಭುಜ ಹಿಡಿದು 'ನಾನು ಹೆತ್ತಿದ್ದು' ಎನ್ನಬೇಕೆನ್ನಿಸಿತು.

ಆಮೇಲೆ ರುಮಾಲು ಬಂತು.

ಪರದೆಯ ಮೇಲೆ ಹಾಲಮ್ಮ ಅಳಲಿಲ್ಲ. ಗೋಡೆಗೆ ಆತುಕೊಂಡು ನಿಂತಳು. ಸೆರಗಿನ ತುದಿ ಬಾಯಿಗೆ ತುರುಕಿಕೊಂಡಳು. ಕೈಯ ಬಳೆ ಸದ್ದು ಮಾಡಬಾರದೆಂದು ಇನ್ನೊಂದು ಕೈಯಿಂದ ಅದನ್ನು ಒತ್ತಿ ಹಿಡಿದಳು. ಎಲ್ಲಿಯೋ ಒಳಗೆ ಅಳುತ್ತಿರುವವರ ಕಡೆ ಕಿವಿಯಿಟ್ಟಳು. ಇದನ್ನು ಗಿರಿಯಮ್ಮ ಕಲಿಸಿರಲಿಲ್ಲ. ಮನೆಯ ಪದ, ಅಭಿನಯಗಳಲ್ಲಿ ಮುನಿಸಿದೆ, ಕಾಯುವುದಿದೆ, ಸಾವೇ ಇಲ್ಲ. ಹುಡುಗಿ ಎಂಟು ವರ್ಷದವಳಿದ್ದಾಗ ಕೊಟ್ಟಿಗೆಯ ಗೋಡೆಯ ಹಿಂದೆ ಕಂಡದ್ದನ್ನು ಹಾಗೆಯೇ ತೋರಿಸಿದ್ದಳು. ಒಂದೇ ವ್ಯತ್ಯಾಸ. ಅವಳು ಒತ್ತಿ ಹಿಡಿದಿದ್ದ ಕೈ ಬಿಟ್ಟಳು, ಬಳೆಗಳನ್ನು ಬಂಡೆಗೆ ಅಪ್ಪಳಿಸಿದಳು.

ಓಬಮ್ಮ ಗಟ್ಟಿಯಾಗಿ ಅತ್ತಳು. ಹನ್ನೊಂದು ವರ್ಷದ ಅಳು. ಸುತ್ತಲೂ ಹೆಂಗಸರೆಲ್ಲ ಅಳುತ್ತಿದ್ದುದರಿಂದ ಯಾರೂ ಯಾಕೆಂದು ಕೇಳಲಿಲ್ಲ. ಎರಡು ಮಾರು ದೂರದಲ್ಲಿ ಕೂತಿದ್ದ ಮರುಳಸಿದ್ದಮ್ಮ ಮಾತ್ರ ತಿರುಗಿ ನೋಡಿದಳು. ಅವಳು ಮುರುಗಪ್ಪ ಕೈಹಿಡಿದ ಹೆಂಡತಿ. ಬಹಳ ಹೊತ್ತು ನೋಡಿ, ಚಾಪೆಯ ಮೇಲೆ ಸರಿದು ಪಕ್ಕದಲ್ಲಿ ಜಾಗ ಮಾಡಿದಳು. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಚಿತ್ರ ಮುಗಿಯುವವರೆಗೆ ನೋಡಿದರು.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅವರು ಊರು ಸೇರಿದರೆ, ಸಂಜೆಯ ಮುಂಚೆಯೇ ಮೂರ್ತಪ್ಪ ಬಂದ. ಹಿಂದೆ ಊರ ಹಿರಿಯರು ಐದು ಜನ. ಒಬ್ಬನ ಕೈಯಲ್ಲಿ ಹಿತ್ತಾಳೆ ತಟ್ಟೆ. ಓಣಿಯ ಹೆಂಗಸರು ಗಂಡಸರೆಲ್ಲ ಬಾಗಿಲಿಗೆ ಬಂದು ನಿಂತರು. ವಿಷಯ ತಿಳಿದು ತಿಪ್ಪಯ್ಯ ಮೇಷ್ಟ್ರೂ ಓಡಿಬಂದರು.

ಓಬಮ್ಮನೇ ಮೊದಲು ಕೇಳಿದಳು. "ಬಳೆ ಒಡೆದವಳಿಗೆ ವೀಳ್ಯ ಬರಲ್ಲ ಅಂತ ಪದ್ಧತಿ ಅಲ್ವಾ ಗೌಡ್ರೆ?"

"ಅದ್ಕೂ ದಾರಿ ಐತೆ," ಎಂದ ಮೂರ್ತಪ್ಪ. "ಪುರೋಹಿತ್ರನ್ನ ಕೇಳೀನಿ. ಒಂದು ಶಾಂತಿ ಮಾಡ್ಸಿ, ಹೊಸ ಬಳೆ ತೊಡ್ಸಿದ್ರೆ ಮುತ್ತೈದೆತನ ತಿರುಗಿ ಬರ್ತೈತಂತೆ. ಆಟದಾಗೆ ಒಡೆದಿದ್ದು ತಾನೆ? ಸಾಹುಕಾರ್ರು ಚಿತ್ರ ನೋಡಿ ಹುಚ್ಚಾಗ್ಯಾರೆ. ಎತ್ಕಳ್ಳಮ್ಮ ಹಾಲಮ್ಮ."

ನೋಡಿ, ಪದ್ಧತಿ ಎಷ್ಟು ಗಟ್ಟಿಯೆಂದರೆ ಇಷ್ಟು! ಹೆಣ್ಣು ಬಿಡಿಸಿಕೊಳ್ಳಲು ಹೋದರೆ ಕಬ್ಬಿಣ, ಪಟೇಲರಿಗೆ ಬೇಕಾದರೆ ಬೆಣ್ಣೆ.

ಓಬಮ್ಮ ಜಗಲಿಯ ಕಲ್ಲಿನ ಹತ್ತಿರ ಬಂದಳು. ಎರಡು ಮುಂಗೈಗಳನ್ನೂ ಎತ್ತಿ ಕಲ್ಲಿನ ಅಂಚಿಗೆ ಬಡಿದಳು. ಹಸಿರು ಬಳೆಯ ಚೂರು ಮೂರ್ತಪ್ಪನ ಕಾಲಿನವರೆಗೆ ಸಿಡಿಯಿತು.

"ಇದು ಆಟ ಅಲ್ಲ ಗೌಡ್ರೆ. ಮುರುಗಪ್ಪಗೌಡ್ರು ಹೋಗಿ ಹನ್ನೊಂದು ವರ್ಷ ಆತು. ಆವತ್ತು ಒಡ್ಕಳ್ಳಾಕೆ ನೀವು ಬಿಡ್ಲಿಲ್ಲ. ಇವತ್ತು ಒಡ್ಕಂಡೀನಿ. ಇದ್ಕೆ ಯಾವ ಪುರೋಹಿತ್ರು ಶಾಂತಿ ಮಾಡ್ತಾರೆ, ಕರ್ಕಂಡು ಬರ್ರಿ."

"ಓಬಮ್ಮ, ಬಳೆ ಒಡೆಯೋದೇ ತಪ್ಪು ಅಂತ ನಾನು..." ಎಂದು ಮೇಷ್ಟ್ರು ಶುರುಮಾಡಿದರು.

"ಇರ್ರಿ ಮೇಷ್ಟ್ರೆ. ಒಡೆಯೋದು ಬ್ಯಾಡ ಅನ್ನಾಕೂ ಮೊದ್ಲು ಒಡೆಯೋ ಹಕ್ಕು ನಂದಾಗಬೇಕು." ಅವಳು ಮತ್ತೆ ಮೂರ್ತಪ್ಪನ ಕಡೆ ತಿರುಗಿದಳು. ಈ ಸಲ ಮಾತು ಗಂಟಲಲ್ಲಿ ನಿಲ್ಲಲಿಲ್ಲ. "ಈಕೆ ನಿಮ್ಮ ಅಣ್ಣನ ಮಗಳು. ನಿಮ್ಮ ಮನೆ ರಕ್ತ. ಹಿರಿಯೂರಿಗೆ ಕಳಸ್ತೀನಿ ಅಂದ್ರೆ ನಿಮ್ಮ ಮನೆ ಮುಂದೆ ಚಪ್ಪರ ಹಾಕ್ಸಿ, ನಮ್ಮನೆ ಹೆಣ್ಣುಮಗಳು ಅಂತ ಧಾರೆ ಎರೆದು ಕಳಸ್ರಿ. ಆಗ್ತೈತಾ? ಆಗಲ್ಲ ಅಂದ್ರೆ ತಟ್ಟೆ ತಗಂಡು ನಡೀರಿ. ನನ್ನ ಮಗಳು ಕೆಲಸಗಾರ್ತಿ. ದುಡಿದು ಉಂತಾಳೆ."

ಹಿರಿಯರು ನೆಲ ನೋಡಿದರು. ಮೂರ್ತಪ್ಪನ ಕುತ್ತಿಗೆಯ ನರ ಉಬ್ಬಿತು. ಬೇರೆ ದಾರಿ ಕಾಣದೆ, ಒಳಬಾಗಿಲಲ್ಲಿ ನಿಂತಿದ್ದ ಮುದುಕಿಯನ್ನು ಕರೆದ. "ಗಿರಿಯಮ್ಮ, ನೀನು ಹಿರಿಯಳು, ಪದ್ಧತಿ ಬಲ್ಲವಳು. ನೀನು ಹೇಳು."

ಗಿರಿಯಮ್ಮ ನಿಧಾನಕ್ಕೆ ಹೊರಗೆ ಬಂದಳು. ಓಬಮ್ಮನ ಬರಿಗೈ ನೋಡಿದಳು. ನಾಲ್ಕು ತಿಂಗಳ ಮೌನ ಮುರಿಯುವ ಮೊದಲು ತಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಎಲ್ಲರೂ ನೋಡುತ್ತಿರುವಾಗ, ಅವಳು ಎಲೆಗಳನ್ನು ಒಂದೊಂದಾಗಿ ತಿರುವಿ ಒಳ್ಳೆಯದೊಂದನ್ನು ಆರಿಸಿದಳು, ತೊಟ್ಟು ಮುರಿದಳು, ಸೊಂಟದ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಸವರಿದಳು, ತಟ್ಟೆಯ ಅಡಿಕೆಯನ್ನೇ ಸೇರಿಸಿ ಮಡಿಚಿ ಬಾಯಿಗಿಟ್ಟುಕೊಂಡಳು. ಬೊಚ್ಚುಬಾಯಲ್ಲಿ ಒಂದು ಪಕ್ಕಕ್ಕೆ ಒತ್ತಿ ಅಗಿದಳು. ತಟ್ಟೆಯ ಎಲೆ ಎತ್ತಿದವಳೇ ವೀಳ್ಯ ಹಿಡಿದವಳು. ಪದ್ಧತಿ ಅಷ್ಟು ಹೇಳುತ್ತದೆ, ವಯಸ್ಸೆಷ್ಟಿರಬೇಕೆಂದು ಹೇಳುವುದಿಲ್ಲ.

"ಎಲೆ ಎಳೇದೈತೆ ಗೌಡ್ರೆ," ಎಂದಳು. "ವೀಳ್ಯ ನಾನು ಹಿಡಿದೀನಿ. ಸಾಹುಕಾರ್ರಿಗೆ ಗಾಡಿ ಕಟ್ಟಿಸಿ ಕಳ್ಸಾಕೆ ಹೇಳ್ರಿ. ಮೆತ್ತಗೆ ಹುಲ್ಲು ಹಾಸಿರ್ಲಿ, ಸೊಂಟ ಸರಿಯಿಲ್ಲ. ನಾಳೇನೇ ಬರ್ತೀನಿ."

ಮೊದಲು ನಕ್ಕವನು ತಟ್ಟೆ ಹಿಡಿದಿದ್ದವನೇ. ಆಮೇಲೆ ಓಣಿಗೆ ಓಣಿಯೇ ನಕ್ಕಿತು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಪಟೇಲನಿಗೆ ಬೈದರೆ ಎದುರು ಬೈಯಲು ಗೊತ್ತಿತ್ತು, ಅಳುವವರನ್ನು ಗದರಲು ಗೊತ್ತಿತ್ತು. ನಗುವವರನ್ನು ಏನು ಮಾಡಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಅವನು ರುಮಾಲು ಸರಿಮಾಡಿಕೊಂಡು ಹೊರಟುಹೋದ. ಆ ಓಣಿಯಲ್ಲಿ ಅದೇ ವರ್ಷ ಇದೇ ಮನೆತನದ ಇನ್ನೂ ಎರಡು ಮನೆಗೆ ತಟ್ಟೆ ಹೋಗಬೇಕಾಗಿತ್ತು. ಹೊರಲು ಯಾರೂ ಒಪ್ಪಲಿಲ್ಲ; ತಟ್ಟೆ ಕೈಗೆತ್ತಿಕೊಂಡರೆ ಸಾಕು, ಕಂಡವರೆಲ್ಲ, "ಗಿರಿಯಮ್ಮನಿಗಾ?" ಎಂದು ಕೇಳುತ್ತಿದ್ದರು.